ಕಾರಿಗೊಂದು ಮನೆತನ

ಶಹಾಪುರದ ಬಜಾರದಲ್ಲಿ ನಿಂತು ಸಂಗಮನಾಥರ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಿಕ್ಕಿಲ್ಲ. ಕಾರ್ ಸಾವ್ಕಾರರ ಅಂಗಡಿ ಎಂದರೆ ಚಹಾ ಕುಡಿಯುತ್ತಿದ್ದವನೂ ಬಸಿ ಕೆಳಗಿಟ್ಟು ಬಂದು ದಾರಿ ತೋರಿಸುತ್ತಾನೆ. ಅಂಗಡಿ ಬಟ್ಟೆಯದು. ಲುಂಗಿ, ಟವೆಲ್ಲು, ಸೀರೆ, ಮದುವೆಗೆ ಬೇಕಾದ ಆಯೇರಿ ಬಟ್ಟೆ, ಬೇಸಿಗೆ ಮುಗಿಯಿತೆಂದರೆ ಶಾಲೆಯ ಯೂನಿಫಾರ್ಮು. ಅದೇ ಸಾಲಿನಲ್ಲಿ ಇಂಥ ಅಂಗಡಿಗಳು ಬೇಕಾದಷ್ಟಿವೆ, ಅಲ್ಲಿ ಮಾಲು ಇನ್ನೂ ಚಲೋ ಸಿಗುತ್ತದೆಂದು ಅವರ ಮಗ ಬಸುವೇ ಒಪ್ಪುತ್ತಾನೆ. ಆದರೆ ಆ ಅಂಗಡಿಯವರು ಯಾರೂ ಹೈದರಾಬಾದಿಗೆ ಸೀರೆ ತರಲು ಹೋಗಿ ಕಾರು ತಂದವರಲ್ಲ.

ಅದು ಸಂಗಮನಾಥರ ಪ್ರಾಯದ ಕಾಲದ ಮಾತು. ದೀಪಾವಳಿಯ ಮಾಲಿಗೆಂದು ಹೈದರಾಬಾದಿಗೆ ಹೋಗಿದ್ದರು. ಅಲ್ಲಿ ಒಬ್ಬ ಡಾಕ್ಟರರ ಕಾಂಪೌಂಡಿನಲ್ಲಿ, ಬೇವಿನ ಮರದ ಕೆಳಗೆ, ಕೆನೆ ಬಣ್ಣದ ಒಂದು ಹಳೆಯ ಕಾರು ನಿಂತಿತ್ತು. ದುಂಡನೆಯ ದೀಪ, ಸ್ಟೇರಿಂಗಿಗೆ ಹತ್ತಿಕೊಂಡೇ ಗೇರು, ಹಿಂದಿನ ಸೀಟಿನಲ್ಲಿ ಎರಡು ಕೋಳಿ. ಸಂಗಮನಾಥರು ಅದನ್ನು ನೋಡಿದರು, ಮತ್ತೆ ಸೀರೆಯ ಪೇಟೆಗೆ ಹೋಗಲೇ ಇಲ್ಲ. ಮೂರನೆಯ ದಿನ ಕಾರು ಮನೆಯ ಮುಂದೆ ಬಂದು ನಿಂತಾಗ ಹೆಂಡತಿ ಪಾರ್ವತಿಬಾಯಿ ಆರತಿಯ ತಟ್ಟೆ ಹಿಡಿದುಕೊಂಡೇ ಕೇಳಿದಳು.

"ಸೀರಿ ಎಲ್ಲವ್ರಿ?"

"ಮೊದಲ ಆರತಿ ಮಾಡು."

ಆರತಿ ಮಾಡಿ ಹಿಂದಿನ ಬಾಗಿಲು ತೆರೆದು ನೋಡಿದಳು. ಕೋಳಿಯ ಪುಕ್ಕ ಇದ್ದವು.

ಆ ದೀಪಾವಳಿಗೆ ಅಂಗಡಿಯಲ್ಲಿ ಹೊಸ ಸೀರೆ ಒಂದೂ ಇರಲಿಲ್ಲ. ಆದರೂ ಹಿಂದೆಂದೂ ಬಾರದಷ್ಟು ಮಂದಿ ಬಂದರು. ಕಾರು ನೋಡಿದರು, ಚಹಾ ಕುಡಿದರು, ಸೀರೆಯನ್ನು ಪಕ್ಕದ ಅಂಗಡಿಯಲ್ಲಿ ಕೊಂಡು ಹೋದರು. ಸಂಗಮನಾಥರಿಗೆ ಇದು ನಷ್ಟ ಎಂದು ಅನ್ನಿಸಲಿಲ್ಲ. ಸಾವ್ಕಾರ ಎಂಬ ಮಾತು ಅವರ ಹೆಸರಿಗೆ ಹತ್ತಿದ್ದು ಅದೇ ವಾರದಲ್ಲಿ.

ಕಾರಿಗೆ ಕಾಯಿದೆಗಳಿದ್ದವು. ಒಳಗೆ ಏನೂ ತಿನ್ನುವಂತಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕೂಡಬೇಕು. ಬಾಗಿಲು ಬಡಿಯಬಾರದು, ತಟ್ಟಿ ಮಲಗಿಸಿದ ಕೂಸಿನ ಕೋಣೆಯ ಬಾಗಿಲು ಹಾಕಿದಂತೆ ಹಾಕಬೇಕು. ಮುಂದಿನ ಸೀಟು ಮರ್ಯಾದಸ್ಥರಿಗೆ ಮೀಸಲು. ಮರ್ಯಾದಸ್ಥರು ಯಾರೂ ಇಲ್ಲದ ದಿನ ಅದು ಖಾಲಿ ಇರುತ್ತಿತ್ತು. ಪಾರ್ವತಿಬಾಯಿ, ಮಗಳು ಗುರುದೇವಿ, ಬಸು, ಮೂವರೂ ಹಿಂದೆ.

ಊರಲ್ಲಿ ಯಾರದೇ ಲಗ್ನವಿರಲಿ, ಮದುಮಗನ ಮೆರವಣಿಗೆಗೆ ಆ ಕಾರೇ ಬೇಕು. ಸಂಗಮನಾಥರು ಬಾಡಿಗೆಯ ಮಾತೇ ಎತ್ತುತ್ತಿರಲಿಲ್ಲ. ಬಿಳಿ ಪೈಜಾಮ, ಬಿಳಿ ಅಂಗಿ ಹಾಕಿ ತಾವೇ ಹೊಡೆಯುತ್ತಿದ್ದರು. ಮೊದಲ ಪಂಕ್ತಿಯಲ್ಲಿ ಊಟ, ಮೇಲೆ ತೆಂಗಿನಕಾಯಿ, ಟವೆಲ್ಲು. ಹೀಗೆ ಹೊದಿಸಿಕೊಂಡ ಟವೆಲ್ಲುಗಳು ಮರುದಿನ ಅಂಗಡಿಯ ಕಪಾಟಿಗೆ ಸೇರುತ್ತಿದ್ದವು. ಅವುಗಳಲ್ಲಿ ಕೆಲವು ಅದೇ ಕಪಾಟಿನಿಂದ ಮಾರಿಹೋದವೂ ಇರುತ್ತಿದ್ದವು. ಒಂದೇ ಟವೆಲ್ಲು ಮೂರು ಲಗ್ನದಲ್ಲಿ ತಮ್ಮ ಹೆಗಲಿಗೆ ಬಿದ್ದದ್ದನ್ನು ಅಂಚಿನ ಕಲೆಯಿಂದ ಗುರುತಿಸಿ ಅವರು ಒಮ್ಮೆ ಖುಷಿಪಟ್ಟಿದ್ದರು.

ವಯಸ್ಸು ಯಾರನ್ನೂ ಬಿಡಲಿಲ್ಲ. ಕಾರು ಮೊದಲು ಏರಿಗೆ ಅಂಜತೊಡಗಿತು, ಆಮೇಲೆ ಇಳಿಜಾರಿಗೆ, ಕೊನೆಗೆ ಸಪಾಟು ರಸ್ತೆಗೂ. ಮೆಕ್ಯಾನಿಕ್ ಮುಜಫರ ಅದರ ಖಾಸಾ ವೈದ್ಯ. ಬಾನೆಟ್ಟು ಎತ್ತಿ, ಏನೋ ಒಂದನ್ನು ಬಿಚ್ಚಿ ಕೈಯಲ್ಲಿ ತೂಗಿ, "ಈ ಪಾರ್ಟ್ ಈಗ ದುನಿಯಾದಾಗ ಸಿಗಂಗಿಲ್ರಿ ಸಾವ್ಕಾರ್ರ," ಎನ್ನುತ್ತಿದ್ದ. ಸಂಗಮನಾಥರ ಮುಖ ಬಾಡುತ್ತಿತ್ತು. ನಾಲ್ಕು ದಿನ ಬಿಟ್ಟು ಅದೇ ಪಾರ್ಟು ಮುಜಫರನಿಗೆ ಎಲ್ಲಿಯೋ ಸಿಗುತ್ತಿತ್ತು. ಹೀಗೆ ಸಿಗುತ್ತ ಸಿಗುತ್ತ ಮುಜಫರನ ಮನೆಯ ಮೇಲೆ ಇನ್ನೊಂದು ಮಾಳಿಗೆ ಎದ್ದಿತು. ಅದರ ಪ್ರವೇಶದ ಊಟಕ್ಕೆ ಸಂಗಮನಾಥರನ್ನು ಕರೆದು ಎಲ್ಲರಿಗಿಂತ ಮುಂದೆ ಕೂಡಿಸಿದ. ಅದು ನ್ಯಾಯವೇ ಆಗಿತ್ತು.

ಕೊನೆಯ ಲಗ್ನ ವಡಗೇರಾ ಕಡೆಯದು. ಮೆರವಣಿಗೆ ಅರ್ಧ ಹಾದಿಯಲ್ಲಿದ್ದಾಗ ಕಾರು ನಿಂತಿತು. ಬ್ಯಾಂಡಿನವರು ನಾಲ್ಕು ಹಾಡು ಬಾರಿಸಿ ದಣಿದರು. ಮುಹೂರ್ತ ಮೀರುತ್ತದೆಂದು ಬೀಗರು ಕೂಗಾಡಿದಾಗ ಮದುಮಗ ತಾನೇ ಇಳಿದು, ಹಣೆಗೆ ಕಟ್ಟಿದ ಬಾಸಿಂಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕಡೆಯ ಹೆಗಲು ಕೊಟ್ಟು ತಳ್ಳಿದ. ಅವನಿಗೆ ಈಗ ಮಕ್ಕಳಾಗಿದ್ದಾರೆ. ಬಜಾರದಲ್ಲಿ ಸಂಗಮನಾಥರು ಎದುರಾದರೆ ಈಗಲೂ ಹೆಗಲು ಸವರಿಕೊಳ್ಳುತ್ತಾನೆ.

ಆಮೇಲೆ ಯಾರೂ ಕರೆಯಲಿಲ್ಲ. ಕಾರು ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತಿತು. ಸಂಗಮನಾಥರು ದಿನಾ ಬೆಳಿಗ್ಗೆ ಒರೆಸಿ, ಒಳಗೆ ಕೂತು ಪೇಪರು ಓದಿ ಬರುತ್ತಿದ್ದರು.

ಈ ವರ್ಷ ಬೇಸಿಗೆಯಲ್ಲಿ ಬಸು ಬಾಯಿ ಬಿಟ್ಟ.

"ಅಪ್ಪಾ, ಯೂನಿಫಾರ್ಮ್ ಮಾಲು ಬರಾಕತ್ತೇದ. ಇಡಾಕ ಜಾಗ ಇಲ್ಲ. ಶೆಡ್ ಖಾಲಿ ಮಾಡ್ರಿ."

"ಶೆಡ್ ಖಾಲಿ ಇಲ್ಲ."

"ಅದಕ್ಕಽ ಖಾಲಿ ಮಾಡ್ರಿ ಅಂದೆ. ಕಣ್ಣಿನ ಆಪರೇಷನ್ ಆದ ಮ್ಯಾಲೆ ನಿಮಗ ಗಾಡಿ ಹೊಡೀಬ್ಯಾಡ್ರಿ ಅಂತ ಡಾಕ್ಟರ್ರು ಹೇಳ್ಯಾರ. ನನಗ ಆ ಗೇರು ಬರಂಗಿಲ್ಲ. ಇನ್ನ ಯಾರಿಗೆ ಇಟ್ಕೊಂಡು ಕುಂತೀರಿ?"

ಸಂಗಮನಾಥರು ಎರಡು ದಿನ ಪೇಪರು ಓದುವ ನೆಪದಲ್ಲಿ ಶೆಡ್ಡಿನಲ್ಲೇ ಕೂತರು. ಮೂರನೆಯ ದಿನ ಊಟಕ್ಕೆ ಕೂತಾಗ ಹೇಳಿದರು: "ಕೊಡ್ತೀನಿ. ಆದ್ರ ಕಂಡಕಂಡವ್ರಿಗೆ ಕೊಡಂಗಿಲ್ಲ. ಮನೆತನ ನೋಡಿ ಕೊಡ್ತೀನಿ."

ಬಸು ಮೊಬೈಲಿನಲ್ಲಿ ಕಾರಿನ ಫೋಟೋ ಹಾಕಿದ. ಕೊಳ್ಳುವವರು ಬರತೊಡಗಿದರು. ಬಂದವರನ್ನು ಸಂಗಮನಾಥರು ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂಡಿಸುತ್ತಿದ್ದರು. ಪಾರ್ವತಿಬಾಯಿ ಚುರುಮುರಿಯ ಸುಸಲಾ, ಮಿರ್ಚಿ ಭಜಿ, ಚಹಾ ತಂದಿಡುತ್ತಿದ್ದಳು. ಮೊದಲು ಬಂದವನು ದೇವಾಪುರದ ಮಾನಪ್ಪ, ಮೆಣಸಿನಕಾಯಿ ಬೆಳೆಯುವ ಒಕ್ಕಲಿಗ. ಸುಸಲಾ ತಿಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ, ಮತ್ತೆ ಬಂದು ಕೂತು ಮನಸ್ಸಿನಲ್ಲಿದ್ದದ್ದನ್ನು ಹೇಳಿದ.

"ಹಿಂದಿನ ಸೀಟ ಕಿತ್ತಿಬಿಟ್ರ ಚೀಲ ಬರೋಬ್ಬರಿ ಕೂಡ್ತಾವ ನೋಡ್ರಿ."

ಸಂಗಮನಾಥರು ಅವನ ಮುಂದಿನ ಮಿರ್ಚಿಯ ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

ಆಮೇಲೆ ವಡಗೇರಾದಿಂದ ಲಾಲಪ್ಪ ಎಂಬ ಫೋಟೋ ಸ್ಟುಡಿಯೋದವನು ಬಂದ. ಕಪ್ಪು ಕನ್ನಡಕ ತೆಗೆಯದೆಯೇ ಮಾತಾಡಿದ.

"ನಮಗ ಇಂಜಿನ್ ಬ್ಯಾಡ್ರಿ. ಬಾಡಿ ಇದ್ರ ಸಾಕು. ಹುಡುಗ ಹುಡುಗಿ ಆತುಕೊಂಡು ನಿಂದರ್ತಾರ, ಫೋಟೋ ಹೊಡಿತೀವಿ."

"ಆ ಹುಡುಗ ಹುಡುಗೀದು ಲಗ್ನ ಆಗಿರ್ತದೇನು?"

"ಇಲ್ರಿ, ಮುಂದ ಆಗ್ತದ."

"ಹಂಗಾದ್ರ ಆದ ಮ್ಯಾಲೆ ಬರ್ರಿ," ಎಂದು ಸಂಗಮನಾಥರು ಎದ್ದು ಒಳಗೆ ಹೋದರು.

ಬಂದವರಿಗೆಲ್ಲ ಅವರ ಪ್ರಶ್ನೆಗಳು ಒಂದೇ ಬಗೆಯವು. ಮನೆಯಲ್ಲಿ ಎಷ್ಟು ಮಂದಿ, ಅಣ್ಣತಮ್ಮಂದಿರಲ್ಲಿ ಹಂಚಿಕೆ ಆಗಿದೆಯೋ ಇಲ್ಲವೋ, ಯಾರಿಗಾದರೂ ಕುಡಿಯುವ ಚಟ ಇದೆಯೇ, ಗಾಡಿ ಹೊಡೆಯುವಾಗ ಸಿಟ್ಟು ಬರುತ್ತದೆಯೇ. ಬೆಲೆಯನ್ನು ಅವರಾಗಿ ಯಾರಿಗೂ ಹೇಳಲಿಲ್ಲ, ಕೇಳಿದರೆ ಅಸಹ್ಯಪಡುತ್ತಿದ್ದರು. ಒಂದು ವಾರದಲ್ಲಿ ಮನೆಯ ಚುರುಮುರಿಯ ಚೀಲ ತಳ ಕಂಡಿತು.

ಅಷ್ಟರಲ್ಲಿ ಸುರಪುರದ ಪಂಪಣ್ಣ ವಕೀಲರು ಬಂದರು. ಆ ಬಿಸಿಲಿನಲ್ಲೂ ಕಪ್ಪು ಕೋಟು ಹಾಕಿದ್ದರು. ಇಂಜಿನ್ನಿನ ವಿಷಯ ಒಂದು ಮಾತು ಕೇಳಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, "ಇಂಥಾ ವಸ್ತು ಇಟ್ಕೊಳ್ಳಾಕ ಯೋಗ್ಯತಾ ಬೇಕ್ರಿ," ಎಂದರು. ಸಂಗಮನಾಥರು ಅವರಿಗೆ ಇನ್ನೊಂದು ಚಹಾ ತರಿಸಿದರು. ಆದರೂ ಹೂಂ ಎನ್ನಲಿಲ್ಲ. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿ ಸುರಪುರಕ್ಕೆ ಹೋದರು. ವಕೀಲರ ಮನೆಯ ಎದುರಿನ ಚಹಾದ ಅಂಗಡಿಯಲ್ಲಿ ಕೂತು, ಮಂದಿ ಹೆಂಥವರು, ಮನೆಯಲ್ಲಿ ಜಗಳ ಇದೆಯೇ, ಸಂಜೆ ಎಷ್ಟಕ್ಕೆ ಗೇಟು ಹಾಕುತ್ತಾರೆ ಎಂದೆಲ್ಲ ವಿಚಾರಿಸಿದರು. ಅಂಗಡಿಯವನು ಬಹಳ ಹೊತ್ತು ಉತ್ತರ ಕೊಟ್ಟು, ಕೊನೆಗೆ ಕನಿಕರದಿಂದ ಹೇಳಿದ.

"ಹಿರ್ಯಾರ, ವಕೀಲ್ರಿಗೆ ಲಗ್ನ ಆಗೇದ್ರಿ. ಮಗ ನೋಡಿದ್ರ ಇನ್ನೂ ಏಳನೇತ್ತಾ ಓದ್ತಾನ. ನೀವು ಬ್ಯಾರೆ ಕಡೆ ನೋಡ್ರಿ."

ಸಂಗಮನಾಥರು ಮನೆಗೆ ಬರುವಷ್ಟರಲ್ಲಿ ಮಗಳು ಗುರುದೇವಿ ಗುರುಮಠಕಲ್ಲಿನಿಂದ ಬಂದಿದ್ದಳು. ಮಕ್ಕಳ ಶಾಲೆಗೆ ಸೂಟಿ, ಬೇಸಿಗೆಗೆ ವಾರ ಹತ್ತು ದಿನ ತವರಿನಲ್ಲಿರುವುದು ರೂಢಿ. ಅವಳೂ ತಾಯಿಯೂ ಅಂಗಳದಲ್ಲಿ ಹಳೆಯ ಧೋತರ ಹಾಸಿ ಸಂಡಿಗೆ ಇಡುತ್ತಿದ್ದರು. ಸಂಗಮನಾಥರು ಕಾಲು ತೊಳೆಯುವ ಮೊದಲೇ ಸುದ್ದಿ ಶುರು ಮಾಡಿದರು.

"ಮನೆತನ ಚಲೋ ಅದ. ಒಬ್ಬನಽ ಮಗ, ಹಂಚಿಕಿ ತಕರಾರಿಲ್ಲ. ಮನಿ ಮುಂದ ಬೇವಿನ ಗಿಡ, ನೆರಳಿಗೆ ಕಡಿಮಿ ಇಲ್ಲ. ವಕೀಲ್ರ ತಾಯಿ ಭಾಳ ಸಮಾಧಾನದಾಕಿ ಅಂತ ಓಣ್ಯಾಗೆಲ್ಲಾ ಹೇಳ್ತಾರ. ಚಿಂತಿ ಮಾಡೂದೇನಿಲ್ಲ."

ಗುರುದೇವಿ ಸಂಡಿಗೆಯ ಹಿಟ್ಟಿನಿಂದ ಕೈ ತೆಗೆಯದೆ ಕೇಳಿದಳು.

"ನನ್ನ ಕೊಡೂ ಮುಂದ ಗುರುಮಠಕಲ್‌ಗೆ ಯಾರು ಹೋಗಿದ್ರಿ ಅಪ್ಪಾ?"

ಸಂಗಮನಾಥರು ಹೆಂಡತಿಯ ಮುಖ ನೋಡಿದರು. ಪಾರ್ವತಿಬಾಯಿ ಸಂಡಿಗೆ ನೋಡುತ್ತಿದ್ದಳು.

"ನಿಮ್ಮ ಸ್ವಾದರಮಾವ ಫೋನ್ ಮಾಡಿ ಹೇಳಿದ್ದ. ಜನ ಚಲೋ ಅದಾರ ಅಂತ," ಎಂದಳು ತಾಯಿ, ಇನ್ನೊಂದು ಸಂಡಿಗೆ ಇಟ್ಟು. "ಆ ವಾರ ಕಾರು ಮುಜಫರನ ಹತ್ರ ಇತ್ತು."

"ನಮ್ಮತ್ತಿ ಮನ್ಯಾಗ ತೆಲುಗು ಮಾತಾಡ್ತಾಳಂತ ನಿಮಗ ಗೊತ್ತಿತ್ತೇನು?"

"ಆಕಿಗೆ ಕನ್ನಡ ಬರಂಗಿಲ್ಲೇನು?" ಎಂದರು ಸಂಗಮನಾಥರು. ಮಗಳ ಲಗ್ನವಾಗಿ ಎಷ್ಟೋ ವರ್ಷಗಳ ಮೇಲೆ ಅವಳ ಅತ್ತೆಯ ಮನೆಯ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು.

"ಈಗ ನನ್ನ ಕೂಡ ಕಲ್ತಾಳ. ಆವಾಗ ಇಬ್ಬರಿಗೂ ತಿಳಿಯೂ ಮಾತು ಅಂದ್ರ ಉಪ್ಪು ಒಂದಽ. ಉಪ್ಪಿಗೆ ಅವರೂ ಉಪ್ಪು ಅಂತಾರ. ಏನು ಬೇಕಾದ್ರೂ ನಾ ಉಪ್ಪು ಅನ್ನೂದು, ಆಮ್ಯಾಲೆ ಕೈಸನ್ನಿ ಮಾಡೂದು. ಹೊಸಾ ಸೊಸಿ ಬರೇ ಉಪ್ಪು ಕೇಳ್ತಾಳ ಅಂತ ಓಣಿ ತುಂಬಾ ಹೆಸರಾಗಿತ್ತು."

ಹೇಳುತ್ತ ಅವಳಿಗೇ ನಗೆ ಬಂತು, ತಾಯಿಯೂ ನಕ್ಕಳು. ಸಂಗಮನಾಥರಿಗೆ ನಗು ಬರಲಿಲ್ಲ. ಶೆಡ್ಡಿಗೆ ಹೋಗಿ ಕಾರಿನಲ್ಲಿ ಕೂತರು. ತಗಡು ಕಾದಿತ್ತು. ಮಗಳನ್ನು ಗುರುಮಠಕಲ್ಲಿಗೆ ಬಿಟ್ಟು ಬಂದ ದಿನವನ್ನು ನೆನೆಸಿಕೊಳ್ಳಲು ನೋಡಿದರು. ಯಾದಗಿರಿ ದಾಟುವಾಗ ಫ್ಯಾನ್ ಬೆಲ್ಟು ಕಿರುಗುಟ್ಟಿದ್ದು, ಬೀಗರ ಎದುರು ಅದು ಕೇಳಿಸೀತೆಂದು ತಾವು ಹಾರ್ನು ಹೊಡೆದುಕೊಂಡು ಹೋದದ್ದು, ಮುಂದಿನ ಎಡ ದೀಪ ಹತ್ತುವುದಿಲ್ಲವೆಂದು ಹೊತ್ತು ಮುಳುಗುವ ಮೊದಲೇ ಬಾಗಿಲಿಂದ ತಿರುಗಿ ಬಂದದ್ದು, ಎಲ್ಲ ನೆನಪಿತ್ತು. ಮಗಳು ಅಂದು ಯಾವ ಬಣ್ಣದ ಸೀರೆ ಉಟ್ಟಿದ್ದಳೆಂದು, ಬಟ್ಟೆಯ ವ್ಯಾಪಾರಿಯಾಗಿಯೂ, ನೆನಪಾಗಲಿಲ್ಲ.

ವಕೀಲರಿಗೆ ಕಾರು ಕೊಡುವುದಕ್ಕೆ ಸೋಮವಾರ ನಿಗದಿಯಾಯಿತು. ಓಡಿಸಿಕೊಂಡು ಹೋಗಬೇಕಾದವನು ಮುಜಫರ. ಹಿಂದಿನ ದಿನ ಬಂದು ಇಂಜಿನ್ನು ರಿಪೇರಿ ಮಾಡಿ, ಬಾನೆಟ್ಟಿನ ಮೇಲೆ ತಲೆಯಿಟ್ಟು ಅತ್ತಿದ್ದ. ಅವನ ದುಃಖ ನಿಜವಾದದ್ದು, ಅವನ ಮಾಳಿಗೆಗೆ ಇನ್ನೂ ಗಿಲಾವು ಆಗಿರಲಿಲ್ಲ. ಸೋಮವಾರ ಬೆಳಿಗ್ಗೆ ಅವನು ಬರಲಿಲ್ಲ. ಮೊಬೈಲು ಬಂದ್ ಆಗಿತ್ತು. ಬಸು ಯೂನಿಫಾರ್ಮಿನ ಗದ್ದಲದಲ್ಲಿದ್ದ. ಮುಹೂರ್ತ ಹನ್ನೊಂದಕ್ಕೆಂದು ವಕೀಲರು ಎರಡು ಸಲ ಫೋನು ಮಾಡಿದರು.

"ಕೀಲಿ ಕೊಡ್ರಿ," ಎಂದಳು ಗುರುದೇವಿ.

"ನಿನಗ ಗಾಡಿ ಬರ್ತದೇನು?"

"ನಮ್ಮ ಕಿರಾಣಿ ಮಾಲು ಊರೂರಿಗೆ ಹಾಕೂ ಗಾಡಿ ಯಾರು ಹೊಡಿತಾರಂತ ತಿಳ್ದೀರಿ?"

"ಅಳಿಯ ದೇವ್ರು."

"ಅವರು ಸ್ಟೇರಿಂಗ್ ಹಿಡಿದ್ರ ನಿದ್ದಿ ಬರ್ತದ. ಲೈಸನ್ಸ್ ನಂದಽ ಅದ."

ಕಾರು ನೋಡಲು ಬಂದ ಪ್ರತಿಯೊಬ್ಬ ಅಪರಿಚಿತನನ್ನೂ ಗಾಡಿ ಹೊಡೆಯುವಾಗ ಸಿಟ್ಟು ಬರುತ್ತದೆಯೇ ಎಂದು ಕೇಳಿದ್ದ ಸಂಗಮನಾಥರು ಮಗಳಿಗೆ ಅದನ್ನೂ ಕೇಳದೆ ಕೀಲಿ ಕೊಟ್ಟರು. ಪಾರ್ವತಿಬಾಯಿ ರೂಢಿಯಂತೆ ಚಪ್ಪಲಿ ಕೈಗೆ ತೆಗೆದುಕೊಂಡು ಹಿಂದಿನ ಬಾಗಿಲಿಗೆ ಹೋದಳು.

"ಅವ್ವಾ, ಮುಂದ ಬಾ," ಎಂದಳು ಮಗಳು. ಸಂಗಮನಾಥರು ಮುಂದಿನ ಬಾಗಿಲಿನ ಹಿಡಿಕೆ ಹಿಡಿದು ನಿಂತಿದ್ದರು. ಆಮೇಲೆ ಅವರೇ ಹಿಡಿಕೆ ಬಿಟ್ಟು ಹಿಂದೆ ಹೋಗಿ ಕೂತರು, ಕೂತವರು ಥಟ್ಟನೆ ಮೇಲೆದ್ದರು.

"ಈ ಸ್ಪ್ರಿಂಗ್ ಯಾವಾಗಿಂದ ಹಿಂಗ ಚುಚ್ಚಾಕತ್ತೇದ?"

"ಬಸು ಹುಟ್ಟಿದಾಗಿಂದ," ಎಂದಳು ಪಾರ್ವತಿಬಾಯಿ, ಹಿಂತಿರುಗಿ ನೋಡದೆ.

ಗುರುದೇವಿ ಗೇರಿನೊಂದಿಗೆ ಒಂದೆರಡು ಸಲ ಜಗ್ಗಾಡಿದಳು. ಆಮೇಲೆ ಅದರ ಗುಟ್ಟು ತಿಳಿಯಿತು. ಊರು ದಾಟಿ, ಹತ್ತಿಗೂಡೂರು ದಾಟಿ ಕಾರು ಓಡಿತು. ಎಲ್ಲಿಯೂ ನಿಲ್ಲಲಿಲ್ಲ, ಕೆಮ್ಮಲಿಲ್ಲ. ಸಂಗಮನಾಥರು ಈಗ ನಿಲ್ಲುತ್ತದೆ, ಆಗ ನಿಲ್ಲುತ್ತದೆ ಎಂದು ಮೊದಲು ಅಂಜಿದರು, ಆಮೇಲೆ ಕಾದರು. ಅದು ನಿಲ್ಲದೇ ಇದ್ದದ್ದು ಅವರಿಗೆ ಒಂದು ಬಗೆಯ ಅವಮಾನದಂತೆ ಕಂಡಿತು.

"ಗಾಳಿ ಭಾಳ ಬರ್ತದ," ಎಂದಳು ಪಾರ್ವತಿಬಾಯಿ ಸೆರಗು ಹಿಡಿದುಕೊಂಡು. "ಕಾಲಿಗೆ ಇಂಜಿನ್ ಕಾವು ಬ್ಯಾರೆ. ಮುಂದಿನ ಸೀಟಿನ್ಯಾಗ ಇದಽ ಏನ್ರಿ ಇದ್ದದ್ದು?"

ಸಂಗಮನಾಥರು ಸ್ಪ್ರಿಂಗಿನಿಂದ ಒಂದಿಷ್ಟು ಪಕ್ಕಕ್ಕೆ ಸರಿದು ಕೂತರು.

ಸುರಪುರದಲ್ಲಿ ವಕೀಲರ ಮನೆಯ ಮುಂದೆ ಹೊಸ ಶೆಡ್ಡು ಎದ್ದಿತ್ತು. ಬಾಳೆಯ ಕಂಬ, ಮಾವಿನ ತೋರಣ, ಇಪ್ಪತ್ತು ಮೂವತ್ತು ಖುರ್ಚಿ. ನೆರೆದ ಮಂದಿಯಲ್ಲಿ ವಕೀಲರ ಕಕ್ಷಿದಾರರೇ ಹೆಚ್ಚು. ಅವರಿಗೆ ಬರದೇ ವಿಧಿಯಿರಲಿಲ್ಲ. ಕಾರಿಗೆ ಚೆಂಡುಹೂವಿನ ಮಾಲೆ ಬಿತ್ತು. ವಕೀಲರು ಎಲ್ಲರ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ಇದು ನಮ್ಮಪ್ಪನ ಅಪ್ಪ, ನಮ್ಮ ಮುತ್ಯಾರ ಕಾರು. ಇಷ್ಟು ದಿನ ಶಹಾಪುರದಾಗ ಈ ಸಾವ್ಕಾರ್ರ ಹತ್ರ ಇಟ್ಟಿದ್ವಿ. ಭಾಳ ಜ್ವಾಕಿ ಮಾಡ್ಯಾರ. ಇವತ್ತ ನಮ್ಮ ಮನಿತನದ ಇಜ್ಜತ್ ನಮ್ಮ ಅಂಗಳಕ್ಕ ಬಂತು."

ಮಂದಿಯ ನಡುವಿನಿಂದ ಒಬ್ಬ ಮುದುಕ ಸಹಜವಾಗಿ ಕೇಳಿದ: "ನಿಮ್ಮ ಮುತ್ಯಾ ಎತ್ತಿನ ಬಂಡ್ಯಾಗಲ್ಲ ಬರ್ತಿದ್ದದ್ದು?"

"ಬಂಡಿ ಹೊಲಕ್ಕ, ಕಾರು ಕಚೇರಿಗೆ," ಎಂದರು ವಕೀಲರು. ಕೋರ್ಟಿನಲ್ಲಿ ಇಷ್ಟು ಚುರುಕಾಗಿ ಅವರು ಎಂದೂ ಉತ್ತರಿಸಿದ್ದಿಲ್ಲವೆಂದು ಕಕ್ಷಿದಾರನೊಬ್ಬ ಗೊಣಗಿದ.

ಎಲ್ಲರ ಕಣ್ಣು ಸಂಗಮನಾಥರ ಮೇಲೆ ಬಿತ್ತು. ಗುರುದೇವಿ ತಂದೆ ಈಗ ಏನು ಹೇಳುತ್ತಾರೋ ಎಂದು ನೋಡಿದಳು. ಸಂಗಮನಾಥರು ಬಾಯಿ ತೆರೆದರು. ಹೈದರಾಬಾದಿನ ಡಾಕ್ಟರು, ಕೋಳಿ, ಬಾರದ ಸೀರೆ, ಎಲ್ಲ ನಾಲಿಗೆಯ ತುದಿಗೆ ಬಂದವು. ಆಮೇಲೆ ಅವರು ತೋರಣ ನೋಡಿದರು, ಹೊಸ ಶೆಡ್ಡು ನೋಡಿದರು, ಹೂವಿನ ಮಾಲೆ ಹಾಕಿಕೊಂಡು ನಿಂತ ಕಾರು ನೋಡಿದರು. ಅಂಥ ಜಾಗದಲ್ಲಿ ಅದರ ಕೋಳಿಯ ಸಂಗತಿ ಎತ್ತುವುದು ಅವರಿಗೆ ಸರಿ ಕಾಣಲಿಲ್ಲ.

"ಹೌದ್ರಿ," ಎಂದರು. "ನಿಮ್ಮ ಮುತ್ಯಾರು ಭಾಳ ನಾಜೂಕ ಇಟ್ಟಿದ್ರು. ಚಪ್ಪಲಿ ಬಿಟ್ಟು ಹತ್ತವ್ರು."

ವಕೀಲರ ತಾಯಿ ಆನಂದದಿಂದ ಕಣ್ಣೊರೆಸಿಕೊಂಡಳು. ಪಾರ್ವತಿಬಾಯಿಗೆ ನೀರು ನೆತ್ತಿಗೇರಿತು.

ಹೋಳಿಗೆಯ ಊಟವಾಯಿತು, ಶಾಲು ಹೊದಿಸಿದರು. ಹೊರಡುವಾಗ ಸಂಗಮನಾಥರು ಶೆಡ್ಡಿಗೆ ಹೋಗಿ ಬಾನೆಟ್ಟಿನ ಮೇಲಿನ ಧೂಳನ್ನು ಶಾಲಿನ ತುದಿಯಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಮಗಳು ಹೋಗಿ ನೋಡಿದರೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ನನ್ನ ಕಳಸೂ ಮುಂದ ಇಷ್ಟು ಅತ್ತಿರಲಿಲ್ಲಲ್ಲಪ್ಪಾ ನೀವು."

"ಆವತ್ತ ಗಾಡಿ ಹೊಡೀಬೇಕಾಗಿತ್ತವ್ವಾ," ಎಂದರು ಸಂಗಮನಾಥರು. "ಅತ್ರ ರಸ್ತಾ ಕಾಣ್ತಿರಲಿಲ್ಲ."

ಗುರುದೇವಿ ತಂದೆಯ ಹೆಗಲಿಂದ ಜಾರಿದ ಶಾಲು ಮಡಚಿ ಕೈಯಲ್ಲಿ ಹಿಡಿದುಕೊಂಡಳು. ಮೂವರೂ ಬಸ್ ಸ್ಟ್ಯಾಂಡಿಗೆ ನಡೆದರು. ಅವರು ಮನೆ ಮುಟ್ಟುವಷ್ಟರಲ್ಲಿ ಬಸು ಶೆಡ್ಡಿನಲ್ಲಿ ಯೂನಿಫಾರ್ಮಿನ ಗಂಟುಗಳನ್ನು ಚಾವಣಿಯವರೆಗೆ ಪೇರಿಸಿ ಆಗಿತ್ತು.

ಸೂಟಿ ಮುಗಿದು ಗುರುದೇವಿ ಮಕ್ಕಳನ್ನು ಕರೆದುಕೊಂಡು ಹೊರಟಾಗ ಸಂಗಮನಾಥರು ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಾಲ್ಕು ದಿನ ಇದ್ದು ಬರ್ತೀನಿ," ಎಂದರು. ಗುರುಮಠಕಲ್ಲಿನಲ್ಲಿ ಬೀಗಿತ್ತಿ ರತ್ನಾಬಾಯಿ ಅವರನ್ನು ಕೂಡಿಸಿಕೊಂಡು, ಕನ್ನಡದಲ್ಲಿ ಶುರು ಮಾಡಿ ತೆಲುಗಿಗೆ ಹೊರಳಿ, ಬಹಳ ಹೊತ್ತು ಮಾತಾಡಿದಳು. ಸಂಗಮನಾಥರು ಎಲ್ಲದಕ್ಕೂ ತಲೆಯಾಡಿಸಿದರು. ಏನಕ್ಕೆ ಒಪ್ಪಿಕೊಂಡೆನೋ ಎಂಬ ಚಿಂತೆ ಅವರಿಗೆ ರಾತ್ರಿ ಊಟದವರೆಗೂ ಇತ್ತು.

ಮರುದಿನ ಮಗಳು ಕಿರಾಣಿ ಮಾಲು ತುಂಬಿಕೊಂಡು ಹಳ್ಳಿಗಳಿಗೆ ಹೊರಟಾಗ ಅವರೂ ಗಾಡಿ ಹತ್ತಿದರು. ಹೊರಗೆ ಕಾಲಿಟ್ಟರೆ ಕೆಂಪು ಧೂಳು, ಒಳಗೆ ಬೆಲ್ಲದ ವಾಸನೆ. ಗುರುದೇವಿ ಹೊಡೆಯುವ ಜೋರಿಗೆ ಅವರು ಎರಡು ಸಲ "ಸಾವಕಾಶ" ಎಂದರು, ಎರಡು ಸಲವೂ ಅವಳಿಗೆ ಕೇಳಿಸಲಿಲ್ಲ. ಮೊದಲ ಊರಿನ ಅಂಗಡಿಯವನು ಅವರನ್ನು ತೋರಿಸಿ ತೆಲುಗಿನಲ್ಲಿ ಏನೋ ಕೇಳಿದ. ಅವಳು ತೆಲುಗಿನಲ್ಲೇ ಉತ್ತರ ಕೊಟ್ಟಳು. ಅವನು ಕೈ ಮುಗಿದ.

"ಏನಂದಿ ಅವಗ?"

"ನಮ್ಮಪ್ಪ ಅಂದೆ. ಆ ಎಣ್ಣಿ ಡಬ್ಬಿ ಇಳಸ್ರಿ. ಜ್ವಾಕಿ, ಮುಚ್ಚಳ ಸಡಲ ಅದ."

ಸಂಗಮನಾಥರು ಬಿಳಿ ಅಂಗಿಯ ತೋಳು ಮಡಚಿ ಡಬ್ಬಿಗೆ ಕೈ ಹಾಕಿದರು. ಅಂಗಡಿಯ ಕಟ್ಟೆ ಮುಟ್ಟುವಷ್ಟರಲ್ಲಿ ಅರ್ಧ ಅಂಗಿ ಎಣ್ಣೆಯಾಗಿತ್ತು.